ನಾಲಿಗೆಯ ಉಸ್ತಾದ

ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟು ದೇವಿಂದ್ರಪ್ಪ ಕಣ್ಣು ಮುಚ್ಚಿದ. ಕಣ್ಣು ಮುಚ್ಚುವುದು ನಾಟಕದ ಮೊದಲ ಭಾಗ. ಆಮೇಲೆ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಬೇಕು, ಗಂಟಲಿನಲ್ಲಿ ಸಣ್ಣದೊಂದು ಹೂಂಕಾರ ಹೊರಡಿಸಬೇಕು, ನಂತರ ಮಾತು. "ಏನ್ ಮಾಡೀಯಬೇ ನಿಂಬಿ! ಬಸ್ ಸ್ಟ್ಯಾಂಡಿನ ಹೋಟೆಲಿನವರು ಬಂದು ನಿನ್ನ ಕಾಲಿಗೆ ಬೀಳಬೇಕು" ಎಂದ. ಒಲೆಯ ಮುಂದಿದ್ದ ನಿಂಬೆವ್ವ ತಿರುಗಿ ನೋಡದೆ ಸೆರಗನ್ನು ಸರಿಮಾಡಿಕೊಂಡಳು. ಅವಳ ಬೆನ್ನೇ ನಗುತ್ತಿತ್ತು. ಅವನ ಬಾಯಲ್ಲಿ ಮಾತ್ರ ಇದ್ದದ್ದು ಬಿಸಿ, ಮೆತ್ತಗಿನದೇನೋ ಒಂದಷ್ಟು, ನಡುನಡುವೆ ಶೇಂಗಾದ ಗಟ್ಟಿತನ. ಉಪ್ಪಿಟ್ಟಿನ ಬದಲು ಗಿಲಾವಿಗೆ ಕಲಸಿದ ಸಿಮೆಂಟು ಇಟ್ಟಿದ್ದರೂ ಇಷ್ಟೇ ತಿಳಿಯುತ್ತಿತ್ತು. ಆ ದೊಡ್ಡ ಜ್ವರ ಊರೂರಿಗೆ ಬಂದ ವರ್ಷ ಅವನಿಗೂ ಬಂದಿತ್ತು. ಹೋಗುವಾಗ ಜೀವವೊಂದನ್ನು ಉಳಿಸಿ ನಾಲಿಗೆ, ಮೂಗು ಎರಡನ್ನೂ ಒಯ್ದಿತ್ತು. ದವಾಖಾನೆಯ ಡಾಕ್ಟರು "ಬರ್ತದ, ಅವಸರ ಮಾಡಬ್ಯಾಡ" ಎಂದಿದ್ದರು. ಅವನು ಅವಸರ ಮಾಡಲಿಲ್ಲ. ರುಚಿಯೂ ಅವಸರ ಮಾಡಲಿಲ್ಲ. ಕೆಲವು ದಿನ ಸಾಬೂನು, ಪೆಟ್ರೋಲು, ತನ್ನದೇ ಕಂಕುಳು ಎಲ್ಲವನ್ನೂ ಮೂಸಿ ನೋಡಿದ. ಕೊನೆಗೆ ಮೂಸುವುದನ್ನೇ ಬಿಟ್ಟ. ಖಾರವೊಂದು ಮಾತ್ರ ಮೂಗಿನಲ್ಲಿ ನೀರಿಳಿದಾಗ ಗೊತ್ತಾಗುತ್ತಿತ್ತು.

ಇದನ್ನು ಯಾರಿಗೂ ಹೇಳದೆ ಇರಲು ಅವನಿಗೆ ಕಾರಣಗಳಿದ್ದವು. ಆಳಂದದ ಖಜೂರಿ ರಸ್ತೆಯಲ್ಲಿ ಮನೆಯ ಮುಂದೆಯೇ ಗ್ಯಾರೇಜು ಇಟ್ಟುಕೊಂಡಿದ್ದ ಅವನನ್ನು ಜನ ನಾಲಿಗೆಯ ಉಸ್ತಾದ ಎಂದು ಕರೆಯುತ್ತಿದ್ದರು. ಗಾಡಿಯ ಕೆಳಗೆ ಏನು ತೊಟ್ಟಿಕ್ಕಿದರೂ ಬೆರಳ ತುದಿಗೆ ಹಿಡಿದು ನಾಲಿಗೆಗೆ ಮುಟ್ಟಿಸಿ, ಇದು ಎಸಿಯ ನೀರು, ಇದು ರೇಡಿಯೇಟರಿನ ನೀರು, ಇದು ಬ್ರೇಕಿನ ಎಣ್ಣೆ ಎಂದು ಥಟ್ಟನೆ ಹೇಳುವವನು ಅವನೊಬ್ಬನೇ. ಜೇವರ್ಗಿ, ಅಫಜಲಪುರದ ಕಡೆಯಿಂದಲೂ ಜನ ಗಾಡಿ ತರುತ್ತಿದ್ದರು, ಅರ್ಧ ರಿಪೇರಿಗೆ, ಅರ್ಧ ಈ ನಾಲಿಗೆ ನೋಡುವುದಕ್ಕೆ. ಸತ್ತ ನಾಲಿಗೆಯನ್ನು ಅವನು ಇಷ್ಟು ದಿನ ಕಣ್ಣು ಕಿವಿಗಳ ಬಲದಿಂದ ಬದುಕಿರುವಂತೆ ತೋರಿಸಿಕೊಂಡು ಬಂದಿದ್ದ. ಕ್ಲಚ್ಚು ಸುಟ್ಟಿರಬಹುದೆಂದು ಅನ್ನಿಸಿದರೆ ಪಕ್ಕದ ಚಹಾದ ಅಂಗಡಿಯ ಪೀರಸಾಬನನ್ನು ಕರೆದು, "ಮೂಸಿ ನೋಡಲೇ, ನಿನಗೇನರೆ ತಿಳೀತದೇನು ನೋಡೂಣು" ಎನ್ನುತ್ತಿದ್ದ. ಪೀರಸಾಬ "ಸುಟ್ಟ ವಾಸನಿ ಬರಾಕತ್ತದಲ್ಲ ಉಸ್ತಾದ" ಎಂದರೆ, "ಶಾಭಾಸ್, ಕಲಿಯಾಕತ್ತಿ" ಎಂದು ಬೆನ್ನು ತಟ್ಟುತ್ತಿದ್ದ. ಆದರೆ ಇದು ಹೊರಗಿನ ಕಾರಣ. ಒಳಗಿನ ಕಾರಣ ಒಲೆಯ ಮುಂದೆ ನಿಂತಿತ್ತು. ಜ್ವರ ಬಿಟ್ಟ ಮೇಲೆ ನಿಂಬೆವ್ವ ಪುಂಡಿಪಲ್ಯ ಮಾಡಿ ಬಡಿಸಿ, ಎಂದಿನಂತೆ ಸೌಟು ಹಿಡಿದು ಹೆದರಿ ನಿಂತಿದ್ದಳು. ಮದುವೆಯಾದಂದಿನಿಂದ ಆಕೆ ಹಾಗೆಯೇ ನಿಲ್ಲುತ್ತಿದ್ದಳು. ಉಪ್ಪು ಒಂದು ಚಿಟಿಕೆ ಕಡಿಮೆಯಾದರೂ ಅವನ ನಾಲಿಗೆ ಹಿಡಿಯುತ್ತಿತ್ತು, ಹಿಡಿದದ್ದನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಿತ್ತು. ಒಮ್ಮೆ ಬೀಗರೆದುರಿಗೇ ತಟ್ಟೆ ತಳ್ಳಿ, "ಇಂಥಾದ್ದು ದನಾನೂ ಮೂಸಂಗಿಲ್ಲ" ಎಂದು ಎದ್ದುಹೋಗಿದ್ದ. ಆ ದಿನ ಮಾತ್ರ ಬಾಯೊಳಗೆ ಏನೂ ಇಲ್ಲದೆ, ಹೇಳುವುದಕ್ಕೆ ಏನೂ ತೋಚದೆ, ನಾಚಿಕೆಯಿಂದ "ಭಾಳ ಚಲೋ ಆಗ್ಯಾದ" ಎಂದುಬಿಟ್ಟ. ನಿಂಬೆವ್ವ ಸೌಟನ್ನು ಕೆಳಗಿಡುವುದನ್ನೇ ಮರೆತಳು. ಅವಳ ಮುಖವನ್ನು ಅವನು ಅದಕ್ಕಿಂತ ಮೊದಲು ಅಷ್ಟು ಸರಿಯಾಗಿ ನೋಡಿರಲಿಲ್ಲ. ಅಂದಿನಿಂದ ಹೊಗಳುತ್ತಲೇ ಬಂದ. ಅವಳು ಹೊಸ ಹೊಸ ಅಡಿಗೆ ಮಾಡತೊಡಗಿದಳು, ಒಲೆಯ ಮುಂದೆ ಹಾಡತೊಡಗಿದಳು, ಕೆನ್ನೆ ತುಂಬಿಕೊಂಡಳು. ಈಗ ನಿಜ ಹೇಳುವುದೆಂದರೆ ಅವಳ ಆ ಸುಖವನ್ನೆಲ್ಲ ಒಂದೇ ಮಾತಿನಲ್ಲಿ ಸುಳ್ಳು ಮಾಡಿದ ಹಾಗೆ. ದಿನವೂ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದ, ದಿನವೂ ಕಣ್ಣು ಮುಚ್ಚಿ ತಲೆ ವಾಲಿಸುತ್ತಿದ್ದ.

ಕೈ ತೊಳೆಯುವುದರೊಳಗೆ ಹೊರಗೆ ಹಾರ್ನ್ ಕೇಳಿಸಿತು. ಹಳೆಯ ಡೀಸೆಲ್ ಕಾರು, ಬಿಳಿಯದು, ಎತ್ತರದ್ದು. ಮುಂದಿನ ಗಾಜಿನ ಮೂಲೆಯಲ್ಲಿ ನೀಲಿ ಚಕ್ರದ ಸ್ಟಿಕ್ಕರ್, ಒಳಗೆ ಅಂಗೈಯಗಲದ ಬುದ್ಧ. ನಡೆಸುತ್ತಿದ್ದವನು ತನ್ನ ಹೆಸರು ಜಗದೇವ, ಜೇವರ್ಗಿಯಲ್ಲಿ ಕಾಲೇಜು ಮೇಷ್ಟ್ರು, ತಾಯಿಯನ್ನು ಕರೆದುಕೊಂಡು ಖಜೂರಿ ದಾಟಿ ಉಮರ್ಗಾದಲ್ಲಿರುವ ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ ಎಂದ. ಗಾಡಿಯ ಮುಂದೆ ನೀರು ಸೋರುತ್ತಿದೆಯಂತೆ, ದಾರಿಯಲ್ಲಿ ಎರಡು ಸಲ ನೀರು ತುಂಬಿಸಿದನಂತೆ. ಹಿಂದಿನ ಬಾಗಿಲು ತೆಗೆದು ಅವನ ತಾಯಿ ಭಾಗಮ್ಮ ಇಳಿದಳು. ಬಿಳಿ ಸೀರೆ, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಬುತ್ತಿಯ ಗಂಟು. ಇಳಿದವಳು ಗ್ಯಾರೇಜನ್ನೆಲ್ಲ ಒಮ್ಮೆ ನೋಡಿದಳು. ಆ ನೋಟಕ್ಕೆ ದೇವಿಂದ್ರಪ್ಪ ತನ್ನ ಬನಿಯನ್ನಿನ ತೂತನ್ನು ಕೈಯಿಂದ ಮುಚ್ಚಿಕೊಂಡ. ನಿಂಬೆವ್ವ ನೀರಿನ ಚೊಂಬು ತಂದುಕೊಟ್ಟಳು. ಮುದುಕಿ ನೀರು ಕುಡಿಯುತ್ತಲೇ ಅವಳನ್ನು ಕೇಳಿದಳು.

"ತವರುಮನಿ ಯಾವೂರಬೇ ನಿಂದು?"

"ಗೊಬ್ಬೂರ್ರಿ."

"ಎಲಾ ಇದರ! ನಾನೂ ಗೊಬ್ಬೂರಾಕಿನೇ. ಯಾರ ಮಗಳು ನೀ?"

ಹೆಸರು ಕೇಳಿ ಭಾಗಮ್ಮ ಚೊಂಬನ್ನು ಕೆಳಗಿಟ್ಟು ನಿಂಬೆವ್ವನ ಗಲ್ಲ ಹಿಡಿದಳು. "ನಿಮ್ಮ ಓಣಿಯೊಳಗ ನಾವು ಚಪ್ಪಲ ಕೈಯಾಗ ಹಿಡಕೊಂಡು ಹೋಗ್ತಿದ್ವಿ. ಆದ್ರೂ ಊರ ಮಗಳು ಊರ ಮಗಳೇ ಆಗ್ತಾಳ. ಹಂಗಾದ್ರ ಇಂವ ನಮ್ಮೂರ ಅಳಿಯಾ!" ಎಂದು ದೇವಿಂದ್ರಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ಚಪ್ಪಲಿಯ ಮಾತಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಬಾನೆಟ್ಟಿನ ಕಡೆ ನೋಡಿದ. ಊರಿನ ಅಳಿಯ ಎಂದಮೇಲೆ ಆ ಊರಿನ ಹೆಣ್ಣುಮಕ್ಕಳೆಲ್ಲರಿಗೂ ಅವನನ್ನು ಕಾಡಿಸುವ ಹಕ್ಕು ಬರುತ್ತದೆ. ಜಾತಿ ಯಾವುದಾದರೂ ಆಗಲಿ, ವಯಸ್ಸು ಎಷ್ಟಾದರೂ ಆಗಲಿ, ಅಳಿಯನಾದವನು ಸಹಿಸಿಕೊಳ್ಳಬೇಕು. ಮುದುಕಿ ಆ ಹಕ್ಕನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ ಕಂಡಿತು. "ಹ್ಯಾಂಗ ನೋಡ್ಕೋತಾನಬೇ ಅಳಿಯಾ?" ಎಂದು ಕೇಳಿದಳು. ನಿಂಬೆವ್ವ ನಾಚಿ, "ಮೊದಲ ಭಾಳ ಸಿಟ್ಟಿನವರಿದ್ರು ಚಿಗವ್ವ. ಜ್ವರ ಬಂದು ಹೋದ ಮ್ಯಾಲ ಬ್ಯಾರೇನೇ ಆಗ್ಯಾರ. ದಿನಾ ಅಡಿಗಿ ಹೊಗಳ್ತಾರ" ಎಂದಳು. ಅವಳು ಹೊರಗಿನವರೆದುರಿಗೆ ಗಂಡನ ವಿಷಯ ಹೀಗೆ ಹೇಳಿದ್ದನ್ನು ದೇವಿಂದ್ರಪ್ಪ ಕೇಳಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಅವನು ಕೈ ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದ.

ಆ ಗಲಿಬಿಲಿಯಲ್ಲಿಯೇ ಅವನು ಗಾಡಿಯ ಕೆಳಗೆ ತೂರಿದ. ಎಂದಿನಂತೆ ನೀರು ಎಲ್ಲಿಂದ ಬರುತ್ತಿದೆ, ಹಾದಿ ಯಾವುದು ಎಂದು ಮೊದಲು ಕಣ್ಣಿನಿಂದ ನೋಡಿಕೊಳ್ಳಬೇಕಾಗಿತ್ತು. ಫ್ಯಾನಿನ ಹಿಂದೆ ಕೈ ಹಾಕಿ ನೀರಿನ ಪಂಪಿನ ಗಾಲಿಯನ್ನು ಅಲುಗಾಡಿಸಬೇಕಾಗಿತ್ತು. ಆದರೆ ಆಗಲೇ ಪೀರಸಾಬ ಅಂಗಡಿಯ ಗಿರಾಕಿಗಳನ್ನು ಕರೆದುಕೊಂಡು ಬಂದು ನಿಂತಿದ್ದ. "ಉಸ್ತಾದ, ನಾಲಿಗಿ ಹಚ್ರಿ!" ಎಂದು ಕೂಗಿದ. ಜಗದೇವನೂ ಬಗ್ಗಿ, "ಹೌದ್ರಿ, ನಿಮ್ಮ ನಾಲಿಗಿ ಬಗ್ಗೆ ಕೇಳೇ ಬಂದೇನಿ" ಎಂದ. ಭಾಗಮ್ಮ ಕನ್ನಡಕವನ್ನು ಮೇಲೆ ಸರಿಸಿಕೊಂಡಳು. ನಿಂಬೆವ್ವ ಬಾಗಿಲಲ್ಲಿ ನಿಂತು ಅಭಿಮಾನದಿಂದ ನೋಡುತ್ತಿದ್ದಳು, ಅದೇ ಅವನನ್ನು ಕೆಡಿಸಿತು. ಬಿದ್ದ ಹನಿಯೊಂದನ್ನು ಬೆರಳಿಗೆ ಹಿಡಿದು ಎದ್ದುನಿಂತು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ. ತಲೆಯನ್ನು ಬಲಕ್ಕೆ ವಾಲಿಸಿದ. ಒಳಗೆ ಎಂದಿನ ಬಯಲು. ಬಿಸಿಲಿನ ದಿನ, ಎಸಿ ಹಾಕಿಕೊಂಡು ಬಂದಿದ್ದಾರೆ, ಹನಿಗೆ ಬಣ್ಣವೂ ಇಲ್ಲ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು. "ಎಸಿ ನೀರ್ರಿ. ಮಳಿಗಾಲದಾಗ ಛತ್ತಿನ ನೀರು ಬೀಳಂಗಿಲ್ಲೇನು, ಹಂಗ. ಆರಾಮ ಹೋಗ್ರಿ." ಪೀರಸಾಬ ಚಪ್ಪಾಳೆ ತಟ್ಟಿದ. ಗಾಡಿ ಹೊರಟಿತು. ಮುದುಕಿ ಕಿಟಕಿಯಿಂದ ಕೈ ಬೀಸಿ, "ಅಳಿಯಾ, ಬರೂ ಮುಂದ ನಿನ್ನ ಬಾಯಿ ಸವಿ ಮಾಡಿ ಹೋಗ್ತೇನಿ" ಎಂದಳು.

ಜನ ಚದುರಿದ ಮೇಲೆ ದೇವಿಂದ್ರಪ್ಪ ಬೀಡಿ ಹಚ್ಚಲು ಕೈ ಎತ್ತಿದ. ಬೆರಳು ಬೆರಳಿಗೆ ಅಂಟಿಕೊಂಡಿತು. ಬಿಡಿಸಿ ನೋಡಿದ. ಎಸಿಯ ನೀರು ಒಣಗಿದರೆ ಏನೂ ಉಳಿಯುವುದಿಲ್ಲ. ಇಲ್ಲಿ ಉಗುರಿನ ಅಂಚಿಗೆ ತೆಳ್ಳಗೆ ಹಸಿರು ಕಟ್ಟಿತ್ತು. ಎರಡು ಸಲ ನೀರು ತುಂಬಿಸಿದೆ ಎಂದನಲ್ಲ ಆ ಮೇಷ್ಟ್ರು, ರೇಡಿಯೇಟರಿನ ಹಸಿರು ಮದ್ದು ತೆಳುವಾಗಿ ಬಣ್ಣ ಬಿಟ್ಟಿದೆ, ಅಷ್ಟೆ. ಎಸಿಯ ನೀರಾಗಿದ್ದರೆ ರೇಡಿಯೇಟರಿಗೆ ನೀರು ತುಂಬಿಸುವ ಕೆಲಸವಾದರೂ ಏಕೆ ಬೀಳುತ್ತಿತ್ತು? ಇಷ್ಟು ಸಾದಾ ಮಾತು ಕಿವಿಗೆ ಬಿದ್ದೂ ತಲೆಗೆ ಹೋಗಲಿಲ್ಲ. ಗಾಡಿ ಬಂದು ನಿಂತಾಗ ಇಂಜಿನ್ನಿನ ಮುಂದೆ ಸಣ್ಣಗೆ ಕಿರುಗುಟ್ಟಿದ್ದೂ ಈಗ ನೆನಪಾಯಿತು. ಪಂಪಿನ ಬೇರಿಂಗು. ಕಣ್ಣು ನೋಡಿತ್ತು, ಕಿವಿ ಕೇಳಿತ್ತು, ಎರಡನ್ನೂ ಬಾಯಿ ಮುಚ್ಚಿಸಿತ್ತು. ಈ ಬಿಸಿಲಿನಲ್ಲಿ ನೀರು ಖಾಲಿಯಾಗಿ ಇಂಜಿನ್ನು ಹಿಡಿದುಕೊಂಡರೆ? ದಾರಿಯ ಮಧ್ಯೆ, ಟ್ರಕ್ಕುಗಳ ನಡುವೆ, ಮುದುಕಿ ಒಳಗಿರುವಾಗ? ಒಳ್ಳೆಯ ವಿಚಾರ ಇದೊಂದೇ ಬಂದಿದ್ದರೆ ಅವನನ್ನು ಹೊಗಳಬಹುದಾಗಿತ್ತು. ಇದರ ಹಿಂದೆಯೇ ಇನ್ನೊಂದು ಬಂತು: ಊರೆಲ್ಲ ತಿಳಿಯುತ್ತದೆ, ಗೊಬ್ಬೂರಿಗೂ ಮುಟ್ಟುತ್ತದೆ, ಗೊಬ್ಬೂರಿನಿಂದ ನಿಂಬೆವ್ವನಿಗೆ. ಯಾವ ವಿಚಾರ ಅವನನ್ನು ಎಬ್ಬಿಸಿತೋ ಅವನಿಗೇ ಹೇಳಲು ಬಾರದು. ಒಳಗೆ ಹೋಗಿ ಮೇಲಿನ ಹಲಗೆಯಿಂದ ಹೊಸ ಪಂಪಿನ ಡಬ್ಬಿ, ಗ್ಯಾಸ್ಕೆಟ್ಟು, ಬೋಲ್ಟು ಬಿಚ್ಚುವ ಪಾನಗಳ ಚೀಲ ತೆಗೆದುಕೊಂಡು ಸ್ಕೂಟರಿಗೆ ಕಟ್ಟಿದ. "ಎಲ್ಲಿಗ್ರೀ?" ಎಂದು ನಿಂಬೆವ್ವ ಕೇಳಿದ್ದಕ್ಕೆ, "ಇಲ್ಲೇ" ಎಂದ.

ರಸ್ತೆಯ ಎರಡೂ ಕಡೆ ತೊಗರಿ ಕಟಾವಾದ ಹೊಲಗಳು ಬೋಳಾಗಿ ಬಿದ್ದಿದ್ದವು. ಎದುರು ಗಾಳಿ ಬಾಣಲೆಯ ಹಬೆಯಂತೆ ಮುಖಕ್ಕೆ ಹೊಡೆಯುತ್ತಿತ್ತು. ಸ್ಕೂಟರಿನ ಮೇಲೆ ಅವನು ಹೇಳಬೇಕಾದ ಮಾತನ್ನು ಕಟ್ಟುತ್ತ ಹೋದ. ಕ್ಷಮಿಸ್ರಿ, ನನ್ನ ನಾಲಿಗೆ ಸತ್ತು ಬಹಳ ದಿನ ಆಯಿತು. ಇದು ಆಗದು. ಕ್ಷಮಿಸ್ರಿ, ನೋಡುವುದರಲ್ಲಿ ಸ್ವಲ್ಪ ತಪ್ಪಿತು. ಇದೂ ಆಗದು, ನಾಲಿಗೆಯ ಉಸ್ತಾದನಿಗೆ ತಪ್ಪುವುದೆಂದರೇನು? ನಿಂಬೆವ್ವ ಈಗ ಮಧ್ಯಾಹ್ನದ ಅಡಿಗೆಗೆ ಏನು ಹೆಚ್ಚುತ್ತಿರಬಹುದು? ಹೋದ ವಾರ ಬದನೆಕಾಯಿಯ ಎಣ್ಣೆಗಾಯಿ ಮಾಡಿ, ಇಷ್ಟು ದಿನ ಇದನ್ನು ನೀವು ಬಾಯಿಗಿಡುತ್ತಿರಲಿಲ್ಲವಲ್ಲ ಎಂದಿದ್ದಳು. ಹೌದು, ಎಳ್ಳು ಹೆಚ್ಚಾಯಿತೆಂದು ಎಷ್ಟೋ ವರ್ಷಗಳ ಹಿಂದೆ ಬೈದಿದ್ದ, ಆಮೇಲೆ ಅವಳು ಮಾಡಿರಲೇ ಇಲ್ಲ. ಒಂದು ಟ್ರಕ್ಕು ಹಾರ್ನು ಹೊಡೆಯುತ್ತ ಮೈಮೇಲೆ ಬಂದಂತೆ ಬಂದು ದಾಟಿತು. ಅದು ಎಬ್ಬಿಸಿದ ಧೂಳು ಇಳಿದಾಗ, ಖಜೂರಿ ಇನ್ನೂ ಒಂದಿಷ್ಟು ದೂರ ಇರುವಲ್ಲಿ, ಬೇವಿನ ಮರದ ಕೆಳಗೆ ಬಿಳಿ ಕಾರು ಕಾಣಿಸಿತು. ಬಾನೆಟ್ಟು ಮೇಲೆದ್ದಿತ್ತು, ಹಬೆ ಹೋಗುತ್ತಿತ್ತು. ಜಗದೇವ ಕೈಯಲ್ಲಿ ಖಾಲಿ ಬಾಟಲಿ ಹಿಡಿದು ನಿಂತಿದ್ದ. ಭಾಗಮ್ಮ ರಸ್ತೆಯಂಚಿನ ಸಿಡಿಯ, ಅಂದರೆ ಸಣ್ಣ ಮೋರಿಯ, ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಅಯ್ಯ, ಉಸ್ತಾದ್ರು!" ಎಂದು ಜಗದೇವ ಓಡಿ ಬಂದ. "ಬಿಸಿ ತೋರಿಸೂ ಕಾಟಾ ಕೆಂಪಿಗೆ ಹೋದಕೂಡಲೇ ಬಂದ್ ಮಾಡೀನ್ರಿ. ನೀವು ಹ್ಯಾಂಗ ಬಂದ್ರಿ?"

ಸ್ಕೂಟರಿನ ಮೇಲೆ ಕಟ್ಟಿದ ಮಾತುಗಳೆಲ್ಲ ಅಲ್ಲೇ ಎಲ್ಲೋ ಬಿದ್ದುಹೋದವು. "ಬೆಲ್ಟಿನ ಮ್ಯಾಲ ಯಾಕೋ ಸಂಶೆ ಬಂತ್ರಿ. ಮನಸ್ಸು ತಡೀಲಿಲ್ಲ. ನೋಡಿ ಬರೂಣು ಅಂತ ಬಂದೆ" ಎಂದ ದೇವಿಂದ್ರಪ್ಪ.

"ನೋಡವ್ವ, ಎಂಥಾ ಮನುಷ್ಯಾರು! ರೊಕ್ಕಾ ತಗೊಳ್ಳಲಾರದ ಕಳಿಸಿ, ಮ್ಯಾಲ ಹಿಂದಿಂದ ಹುಡುಕಿಕೊಂಡು ಬಂದಾರ" ಎಂದ ಜಗದೇವ. ಅವನ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ದೇವಿಂದ್ರಪ್ಪನಿಗೆ ಕಪಾಳಕ್ಕೆ ಹೊಡೆಸಿಕೊಂಡಿದ್ದರೆ ಇದಕ್ಕಿಂತ ಮೇಲಿತ್ತು ಅನ್ನಿಸಿತು. ಭಾಗಮ್ಮ ಮಾತ್ರ ಸ್ಕೂಟರಿಗೆ ಕಟ್ಟಿದ ಡಬ್ಬಿಯನ್ನೇ ನೋಡುತ್ತಿದ್ದಳು.

"ಅದೇನು ಅಳಿಯಾ, ಡಬ್ಬಿ?"

"ನೀರಿನ ಪಂಪ್ರಿ."

"ಬೆಲ್ಟಿನ ಸಂಶೆ ಬಂದ್ರ ಪಂಪ್ಯಾಕ ತಂದಿ?"

ಅವನು ಕೇಳಿಸದವನಂತೆ ಕಾರಿನ ಕೆಳಗೆ ತಲೆ ಹಾಕಿದ. ಕೆಲವು ಮುದುಕಿಯರನ್ನು ಯಾವ ಪೊಲೀಸು ಠಾಣೆಯ ಸಾಹೇಬನ ಕುರ್ಚಿಯಲ್ಲಾದರೂ ಕೂರಿಸಬಹುದು ಎಂದುಕೊಂಡ.

ಇಂಜಿನ್ನು ತಣ್ಣಗಾಗುವವರೆಗೆ ಕಾದು ಕೈ ಹಚ್ಚಿದ. ಪಂಪಿನ ಗಾಲಿ ಹಿಡಿದು ಅಲುಗಾಡಿಸಿದರೆ ಹಣ್ಣು ಮುದುಕನ ಹಲ್ಲಿನಂತೆ ಆಡಿತು. ಅದರ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹೋದಾಗ ನೀರು ಅಲ್ಲಿಂದ ಹನಿದು, ನಾನು ಹೋಗುತ್ತಿದ್ದೇನೆ ಎಂದು ಮೊದಲೇ ಹೇಳುತ್ತದೆ. ತೂತಿನ ಬಾಯಿಂದ ಕೆಳಗಿನವರೆಗೆ ಹಸಿರು ಹಕ್ಕಳೆ ಕಟ್ಟಿತ್ತು, ಎಷ್ಟೋ ದಿನಗಳಿಂದ. ಬೆಳಿಗ್ಗೆ ಒಮ್ಮೆ ಕತ್ತೆತ್ತಿ ನೋಡಿದ್ದರೆ ಸಾಕಿತ್ತು. ಬೆಲ್ಟು ಸಡಿಲಿಸಿ ಬಿಚ್ಚಿದ, ಫ್ಯಾನು ಬಿಚ್ಚಿದ, ಬೋಲ್ಟುಗಳನ್ನು ಒಂದೊಂದಾಗಿ ತೆಗೆದ. ಒಂದು ತುಕ್ಕು ಹಿಡಿದು ಹಟ ಮಾಡಿತು. ಅದಕ್ಕೆ ಡೀಸೆಲ್ ಕುಡಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮಗುವನ್ನು ರಮಿಸುವಂತೆ ಹಿಂದೆ ಮುಂದೆ ಮಾಡಿ ಬಿಡಿಸಿದ. ಹಳೆಯ ಗ್ಯಾಸ್ಕೆಟ್ಟು ಕಚ್ಚಿಕೊಂಡಿದ್ದ ಜಾಗವನ್ನು ಬ್ಲೇಡಿನಿಂದ ಕೆರೆದು ಬೆರಳಾಡಿಸಿ ನೋಡಿದ. ಕೂದಲೆಳೆಯಷ್ಟು ಉಳಿದಿದ್ದೂ ಬೆರಳಿಗೆ ಸಿಕ್ಕಿತು. ಅವನಿಗೆ ಸಿಟ್ಟು ಬಂತು, ಜೊತೆಗೆ ಒಂದು ಬಗೆಯ ಸುಖವೂ ಆಯಿತು. ಈ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಜ್ವರಕ್ಕೆ ಮೊದಲೂ ಕೆಲಸ ಮಾಡುತ್ತಿದ್ದದ್ದು ಇವೇ, ಕಣ್ಣೇ, ಕಿವಿಯೇ. ನಾಲಿಗೆ ಬರೀ ನೆರೆದ ಜನರಿಗಾಗಿ ಹೊರಗೆ ಬರುತ್ತಿತ್ತು. ಹೆಸರೆಲ್ಲ ಅದೇ ತಿಂದಿತು. ಮನೆಯಲ್ಲಿಯೂ ಇದೇ ನಾಲಿಗೆ ಅಷ್ಟು ವರ್ಷ ಯಜಮಾನಿಕೆ ಮಾಡಿತು, ಚಿಟಿಕೆ ಉಪ್ಪಿಗಾಗಿ ಒಂದು ಹೆಂಗಸನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಿತು. ಹೊಸ ಪಂಪನ್ನು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿ ಮಾಡಿದ. ಜಗದೇವ ಪಕ್ಕದ ಹೊಲದ ಬೋರಿನಿಂದ ನೀರು ತಂದ. ಮುಚ್ಚಳ ತೆಗೆದಿಟ್ಟೇ ಇಂಜಿನ್ನು ಚಾಲೂ ಮಾಡಿ, ರಬ್ಬರ್ ಪೈಪನ್ನು ಹಿಚುಕಿ ಹಿಚುಕಿ, ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳೆಲ್ಲ ಹೊರಬರುವವರೆಗೆ ನೀರು ತುಂಬಿಸಿದ. ಆಮೇಲೆ ಕೆಳಗೆ ಒಣಗಿದ ಕಾಗದ ಹಾಸಿ ಕುಕ್ಕರುಗಾಲಿನಲ್ಲಿ ಕುಳಿತು ಕಾದ. ಕಾಗದ ಒಣಗಿಯೇ ಇತ್ತು.

"ಆತೇನು? ಬಾ, ಕೈ ತೊಳಿ. ಅಳಿಯಾಗ ಊಟ" ಎಂದಳು ಭಾಗಮ್ಮ. ಬುತ್ತಿ ಬಿಚ್ಚಿ ಕಾಗದದ ಮೇಲೆ ಶೇಂಗಾದ ಹೋಳಿಗೆ ಇಟ್ಟು ಅವನತ್ತ ಚಾಚಿದಳು. ಅವನ ಕೈ ಅರ್ಧ ದಾರಿಯಲ್ಲಿ ನಿಂತಿತು. ತಿಂದರೆ ಹೇಗಾಗಿದೆ ಎಂದು ಕೇಳುತ್ತಾಳೆ, ಹೇಳಬೇಕಾಗುತ್ತದೆ, ಈ ಕನ್ನಡಕದ ಮುಂದೆ ಕಣ್ಣು ಮುಚ್ಚಿ ತಲೆ ವಾಲಿಸಿದರೆ ನಡೆಯುವುದಿಲ್ಲ. ಅಷ್ಟರಲ್ಲಿ ಜಗದೇವನ ಮುಖ ಸಣ್ಣಗಾದದ್ದನ್ನು ಕಂಡ. ಅವನು ಬೇರೆ ಕಡೆ ನೋಡತೊಡಗಿದ್ದ. ಮುದುಕಿಯ ಕೈ ಚಾಚಿದಂತೆಯೇ ಇತ್ತು, ಆದರೆ ಅವಳ ತುಟಿ ಬಿಗಿಯಾಗಿತ್ತು. ತನ್ನ ಹಿಂಜರಿಕೆ ಇವರಿಗೆ ಏನಾಗಿ ಕಾಣುತ್ತಿದೆ ಎಂದು ದೇವಿಂದ್ರಪ್ಪನಿಗೆ ಹೊಳೆಯಿತು. ಅಯ್ಯೋ, ಅದಲ್ಲ, ಅದಲ್ಲವೇ ಅಲ್ಲ ಎಂದು ಕೂಗಬೇಕೆನಿಸಿತು. ಕೂಗಲು ಬಾರದೆ ಹೋಳಿಗೆಯನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಅರ್ಧ ಬಾಯಿಗೆ ತುರುಕಿದ. ಹಲ್ಲಿಗೆ ಕರಕರ ಎಂದಿತು. ಸಕ್ಕರೆ ಹಾಕಿದ್ದಾಳೆ ಅಂದುಕೊಂಡ. ತಾಯಿ ಮಗ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಜಗದೇವ ಈಗ ನಗು ತಡೆದುಕೊಂಡು ಕೆಂಪಾಗಿದ್ದ. ದೇವಿಂದ್ರಪ್ಪ ಉಳಿದರ್ಧವನ್ನೂ ಬಾಯಿಗಿಟ್ಟು ನಿಧಾನವಾಗಿ ಜಗಿದು ನುಂಗಿದ.

"ಭಾಳ ಸವಿ ಆಗ್ಯಾವ್ರಿ ಚಿಗವ್ವ. ಬೆಲ್ಲ, ಸಕ್ರಿ ಎರಡೂ ಹಾಕೀರಲ್ಲ! ಇನ್ನೊಂದು ಕೊಡ್ರಿ" ಎಂದ.

ಜಗದೇವನ ನಗು ನಿಂತುಹೋಯಿತು. ಅಳಿಯ ಮೊದಲ ಸಲ ಊಟಕ್ಕೆ ಕುಳಿತಾಗ ಹೋಳಿಗೆಯೊಳಗೆ ಉಪ್ಪು ತುಂಬಿ ಕೊಡುವುದು, ಅವನು ಥೂ ಎಂದು ಉಗುಳಿದಾಗ ನಗುವುದು ಗೊಬ್ಬೂರಿನ ಹೆಣ್ಣುಮಕ್ಕಳ ಹಳೆಯ ಚೇಷ್ಟೆ. ಸೌತೆಕಾಯಿಗೆಂದು ತಂದ ಹರಳುಪ್ಪಿನ ಒಂದು ಹಿಡಿಯನ್ನು ಭಾಗಮ್ಮ ಅವನು ಕೈ ತೊಳೆಯುತ್ತಿದ್ದಾಗ ಹೋಳಿಗೆಯ ಅಂಚು ಬಿಡಿಸಿ ಹೂರಣದೊಳಗೆ ಸೇರಿಸಿದ್ದಳು. ಅದನ್ನು ಅಳಿಯ ತಿಂದು ಇನ್ನೊಂದು ಕೇಳುತ್ತಿದ್ದಾನೆ. "ಅವ್ವ, ನೀ ಉಪ್ಪು..." ಎಂದು ಜಗದೇವ ಬಾಯಿ ತೆಗೆದ. ಆ ಒಂದು ಶಬ್ದಕ್ಕೆ ದೇವಿಂದ್ರಪ್ಪನಿಗೆ ಎಲ್ಲ ತಿಳಿಯಿತು. ಗಂಟಲು ಒಣಗಿ ಬಿಗಿಯುತ್ತಿದ್ದದ್ದೂ ಈಗ ಅರ್ಥವಾಯಿತು. ಭಾಗಮ್ಮ ಕನ್ನಡಕ ತೆಗೆದು ಅವನನ್ನು ನೋಡಿದಳು. ಬೆಳಗಿನ ಹನಿ, ಬೆಲ್ಟಿನ ಸಂಶಯ, ಪಂಪಿನ ಡಬ್ಬಿ, ಜ್ವರದ ಮೇಲೆ ಹೊಗಳಲು ಕಲಿತ ಗಂಡ, ಒಂದೊಂದೇ ಅವಳ ಮುಖದ ಮೇಲೆ ಹಾದುಹೋದದ್ದು ಅವನಿಗೆ ಕಂಡಿತು. ಆಮೇಲೆ ಅವಳು ನಕ್ಕಳು. ಸಿಡಿಯ ಕಲ್ಲನ್ನು ಗುದ್ದಿ ಗುದ್ದಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಏನಾತವ್ವ?" ಎಂದ ಜಗದೇವ ಕಕ್ಕಾಬಿಕ್ಕಿಯಾಗಿ.

"ಏನಿಲ್ಲೋ. ಅಳಿಯಾ ಗಟ್ಟಿಗ ಇದ್ದಾನ. ನನಗ ನಗಾಕ ಕೊಡಬಾರದಂತ ಹಟಕ್ಕ ನುಂಗಿಬಿಟ್ಟ. ಹೋಗು, ಅಂವಗ ನೀರು ತಾ, ಬೋರಿಂದ ತಣ್ಣಗಿದ್ದದ್ದು ತಾ." ಮಗ ಹೊಲದ ಕಡೆ ಹೋದಮೇಲೆ ದನಿ ಇಳಿಸಿ, "ಯಾವಾಗಿಂದೋ ಇದು?" ಎಂದು ಕೇಳಿದಳು.

"ಜ್ವರ ಬಂದಾಗಿಂದ್ರಿ."

"ಎಸಿ ನೀರು ಅಂದಿಯಲ್ಲೋ ಭಾಡ್ಯಾ! ನಾವು ಸತ್ತಿದ್ರ?"

"ತಪ್ಪಾತ್ರಿ" ಎಂದ. ಎಷ್ಟೋ ದಿನಗಳ ಮೇಲೆ ಬಾಯಿಂದ ಒಂದು ನಿಜ ಬಂದಿತ್ತು. ಅದು ಇಷ್ಟು ಚಿಕ್ಕದಿರುತ್ತದೆಂದು ಅವನು ಎಣಿಸಿರಲಿಲ್ಲ.

"ನಮ್ಮ ನಿಂಬೆವ್ವಗ ಗೊತ್ತದೇನು?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಮುದುಕಿ ಬುತ್ತಿಯ ಗಂಟು ಕಟ್ಟುತ್ತ, "ಆಕಿ ನಂಬರ್ ಇಸ್ಕೊಂಡೇನಿ. ಮುಟ್ಟಿದ ಮ್ಯಾಲ ಸಂಜೀಕ ಫೋನ್ ಮಾಡ್ತೇನಿ. ಅಷ್ಟರಾಗ ನೀ ಹೇಳಿದಿ, ಚಲೋ. ಇಲ್ಲಂದ್ರ ಅಳಿಯಾ ಉಪ್ಪು ತಿಂದ ಸುದ್ದಿ ನಾನೇ ಹೇಳ್ತೇನಿ" ಎಂದಳು.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ನಿಂಬೆವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಈಗ ಹೇಳುತ್ತೇನೆ ಎಂದು ಸ್ಕೂಟರು ನಿಲ್ಲಿಸಿದ. ಕೈಕಾಲು ತೊಳೆದು ಹೇಳುತ್ತೇನೆ ಎಂದುಕೊಂಡ. ಚಹಾ ಕುಡಿದು ಹೇಳುತ್ತೇನೆ ಎಂದುಕೊಂಡ. ಚಹಾ ತಂದವಳು ಆಸೆಯಿಂದ ಮುಖ ನೋಡಿದಳು, ಅವನು "ಆಹಾ" ಎಂದ. ಅನ್ನುತ್ತಲೇ ತನ್ನ ಬಾಯನ್ನು ಹೊಲಿದುಬಿಡಬೇಕೆನಿಸಿತು. ಫೋನು ರಿಂಗಾಯಿತು. ನಿಂಬೆವ್ವ ಎತ್ತಿಕೊಂಡು, "ಚಿಗವ್ವ!" ಎಂದು ಹಿತ್ತಲಿಗೆ ನಡೆದಳು. ಬಹಳ ಹೊತ್ತು ಮಾತಾಡಿದಳು. ನಡುವೆ ನಕ್ಕದ್ದು ಕೇಳಿಸಿತು, ನಡುವೆ ಏನೂ ಕೇಳಿಸಲಿಲ್ಲ. ದೇವಿಂದ್ರಪ್ಪ ಕಪ್ಪು ಹಿಡಿದು ಕುಳಿತೇ ಇದ್ದ. ನಲವತ್ತು ಗಾಡಿಗಳ ಕೆಳಗೆ ಒಮ್ಮೆಗೇ ಮಲಗಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ. ಅವಳು ಒಳಗೆ ಬಂದು ಫೋನನ್ನು ಗೋಡೆಯ ಮಾಡದಲ್ಲಿಟ್ಟಳು.

"ಮುಟ್ಟ್ಯಾರಂತ. ಗಾಡಿ ಆರಾಮ ಅದ ಅಂತ. ನಿನ್ನ ಗಂಡ ಭಾಳ ಚಲೋ ರಿಪೇರಿ ಮಾಡಿದ ಅಂತ ಹೇಳಿದ್ರು."

"ಮತ್ತ?"

"ಮತ್ತೇನು? ಅಷ್ಟೇ. ಊಟಕ್ಕ ಏಳ್ರಿ."

ಹೇಳಿರಲಿಲ್ಲ ಮುದುಕಿ. ದೇವಿಂದ್ರಪ್ಪನ ಎದೆ ಹಗುರವಾಯಿತು, ಮೈಯೆಲ್ಲ ಸಡಿಲಾಯಿತು. ಗೆದ್ದೆ ಎಂದು ಒಳಗೇ ಕುಣಿದುಬಿಟ್ಟ. ಇನ್ನು ಯಾರೂ ಹೇಳುವವರಿಲ್ಲ, ನಾಳೆಯೂ ಕಣ್ಣು ಮುಚ್ಚಬಹುದು, ನಾಡಿದ್ದೂ. ಆ ಕುಣಿತ ಮುಗಿಯುವುದರೊಳಗೆ ನಿಂಬೆವ್ವ ತಟ್ಟೆ ಇಟ್ಟಳು. ಬಿಸಿ ರೊಟ್ಟಿ, ಪಲ್ಯ, ಚಟ್ನಿ ಹಿಂಡಿ. ಇಟ್ಟು ಕೈ ಒರೆಸಿಕೊಳ್ಳುತ್ತ ಎದುರಿಗೆ ಕುಳಿತಳು. ಅವನು ತುತ್ತು ಮುರಿದು ಬಾಯಿಗಿಟ್ಟ. "ಹ್ಯಾಂಗಾಗ್ಯಾದ್ರಿ?" ಎಂದಳು. ಅವನು ಕಣ್ಣು ಮುಚ್ಚಲು ಹೋದ. ರೆಪ್ಪೆ ಇಳಿಯಲಿಲ್ಲ. ಎದುರಿಗಿದ್ದ ಆ ತುಂಬಿದ ಕೆನ್ನೆ, ಆ ಕಾಯುವ ಕಣ್ಣು. ಇದನ್ನು ಮೋಸದಿಂದ ಬೆಳೆಸಿದವನು ತಾನು.

"ಗೊತ್ತಾಗವಲ್ದು ನಿಂಬಿ" ಎಂದ. "ಜ್ವರ ಬಂದಾಗಿಂದ ನನಗ ಯಾವ ರುಚೀನೂ ತಿಳಿಯಂಗಿಲ್ಲ. ಇಷ್ಟು ದಿನ ಹೇಳಿದ್ದೆಲ್ಲಾ ಸುಳ್ಳು."

ನಿಂಬೆವ್ವ ಅಳಲಿಲ್ಲ. ಬೆಚ್ಚಲೂ ಇಲ್ಲ. ಮಡಿಲಿನಲ್ಲಿದ್ದ ರೊಟ್ಟಿಯ ಹಿಟ್ಟನ್ನು ಕೊಡವಿದಳು.

"ಗೊತ್ತದ" ಎಂದಳು.

"ಚಿಗವ್ವ ಹೇಳಿದ್ಲೇನು?"

"ಚಿಗವ್ವ ಯಾಕ ಹೇಳಬೇಕು? ಹಿಂದ ಒಂದಿನ ಒಲಿಮ್ಯಾಲ ಹಾಲು ಹೊತ್ತಿ ಓಣಿಯವರೆಲ್ಲಾ ಓಡಿ ಬಂದ್ರು. ನೀವು ಅದೇ ಮನಿಯೊಳಗ ಕುಂತು ಚಾ ಯಾಕ ತಡಾ ಅಂದ್ರಿ. ನನಗಷ್ಟೂ ತಿಳಿಯಂಗಿಲ್ಲೇನು?"

"ಮತ್ತ ದಿನಾ ಹ್ಯಾಂಗಾಗ್ಯಾದಂತ ಯಾಕ ಕೇಳ್ತಿದ್ದಿ?"

ಅವಳು ಅವನನ್ನು ನೇರವಾಗಿ ನೋಡಿದಳು. ಹಾಗೆ ನೋಡುವುದನ್ನು ಯಾವಾಗ ಕಲಿತಳೋ ಅವನಿಗೆ ತಿಳಿಯದು. "ನಿಮ್ಮ ನಾಲಿಗಿ ನೆಟ್ಟಗಿದ್ದಾಗ ಖರೇನೇ ಹೇಳ್ತಿದ್ರಿ. ಮದುವಿಯಾದಾಗಿಂದ ಹೇಳಿದ್ರಿ. ಆ ಖರೇದಾಗ ನಾ ಒಂದಿನಾನೂ ಹೊಟ್ಟಿ ತುಂಬ ಉಣಲಿಲ್ಲ. ನೀವು ಎದ್ದ ಮ್ಯಾಲ, ನೀವು ಬೈದ ಪಲ್ಯದಾಗ, ನಾ ಏನು ಉಣಲಿ?"

ನಿಂಬೆವ್ವ ಕೈ ಚಾಚಿ ಅವನ ಮುಂದಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ರೊಟ್ಟಿ ಮುರಿದಳು, ಪಲ್ಯ ಹಚ್ಚಿಕೊಂಡಳು, ಅವನೆದುರಿಗೇ ಬಾಯಿಗಿಟ್ಟು ಅವಸರವಿಲ್ಲದೆ ಜಗಿಯತೊಡಗಿದಳು. ಈ ಮನೆಗೆ ಬಂದಂದಿನಿಂದ ಅವಳು ಅವನಿಗಿಂತ ಮೊದಲು ಉಂಡದ್ದಿಲ್ಲ. ಅವನು ಅವಳ ದವಡೆ ಆಡುವುದನ್ನೇ ನೋಡುತ್ತ ಕುಳಿತ. ಏನೋ ಒಂದು ಅವಳಿಗೆ ಹತ್ತಿದೆ, ಉಪ್ಪೋ ಹುಳಿಯೋ, ಹುಬ್ಬು ಸ್ವಲ್ಪ ಮೇಲೇರಿತು, ಮತ್ತೆ ಇಳಿಯಿತು. ಎರಡನೆಯ ತುತ್ತಿಗೆ ಅವಳು ಸಣ್ಣಗೆ ತಲೆದೂಗಿದಳು, ತನ್ನಷ್ಟಕ್ಕೆ ತಾನು. ಅವನಿಗೆ ತಡೆಯಲಾಗಲಿಲ್ಲ.

"ಹ್ಯಾಂಗಾಗ್ಯಾದಬೇ? ಹೇಳರೆ ಹೇಳು" ಎಂದ.

"ಸುಮ್ನ ಕೂಡ್ರಿ" ಎಂದಳು ನಿಂಬೆವ್ವ, ಇನ್ನೊಂದು ತುತ್ತು ಮುರಿಯುತ್ತ. "ನಾ ಉಣ್ಣಾಕತ್ತೇನಿ."